ದಮ್ಮಾಮಿಗೆ ಹೋಗಬೇಕಾದ ರೊಕ್ಕ

ಸೌದಿಯಿಂದ ರೊಕ್ಕ ಹೇಗೆ ಬರುತ್ತದೆ ಎಂದು ಸುರಪುರದ ಆ ಓಣಿಯಲ್ಲಿ ಯಾರನ್ನು ಕೇಳಿದರೂ ನಿಂತ ನಿಲುವಿನಲ್ಲೇ ಹೇಳುತ್ತಿದ್ದರು. ಬ್ಯಾಂಕಿಗೆ ಬಂದರೆ ಮೊಬೈಲ್ ಸದ್ದು ಮಾಡುತ್ತದೆ. ಶಹಾಪುರದ ಅಂಗಡಿಗೆ ಬಂದರೆ ನಂಬರು ಹೇಳಿ, ಆಧಾರ್ ತೋರಿಸಿ ತರಬೇಕು. ಬ್ಯಾಂಕಿಲ್ಲದೆ ಗುಟ್ಟಾಗಿ ರೊಕ್ಕ ಸಾಗಿಸುವ ಹುಂಡಿಯವನ ಕಡೆಯಿಂದ ಬಂದರೆ ಅವನೇ ಬಾಗಿಲಿಗೆ ಬಂದು, ಕೊಟ್ಟು, ಚಹಾ ಕುಡಿದು ಹೋಗುತ್ತಾನೆ. ಆದರೆ ಇಲ್ಲಿಂದ ಸೌದಿಗೆ ರೊಕ್ಕ ಕಳಿಸುವುದು ಹೇಗೆ ಎಂದು ಕೇಳಿದರೆ, ಕೇಳಿದವರ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಮುಖ ನೋಡುತ್ತಿದ್ದರು. ಗಾದಿ ಅಂಗಡಿ ಅಮೀನುದ್ದೀನನ ಹೆಂಡತಿ ಹಜರಾಬೀಗೆ ರಂಜಾನ್ ಚಂದ್ರ ಕಾಣುವ ಹಿಂದಿನ ವಾರ ಈ ಪ್ರಶ್ನೆ ಕೊರಳಿಗೆ ಬಿತ್ತು. ಬಾಯಿಬಿಟ್ಟು ಯಾರನ್ನೂ ಕೇಳುವಂತೆಯೂ ಇರಲಿಲ್ಲ.

ಅವತ್ತು ಅವಳು ರೊಟ್ಟಿ ಬಡಿಯುತ್ತಿದ್ದಳು. ದಮ್ಮಾಮಿನಿಂದ ಕಿರಿಯ ಮಗ ಜಾಹೀದನ ಫೋನು ಬಂತು.

"ಅಮ್ಮಿ, ಅಬ್ಬಾಗ ಕೊಡಬ್ಯಾಡ. ಮೊದಲ ನೀ ಕೇಳು."

ಮಗನ ದನಿ ಕೇಳಿಯೇ ಅವಳು ಒಲೆ ಸಣ್ಣ ಮಾಡಿದಳು. ಅವನು ಕೆಲಸ ಮಾಡುತ್ತಿದ್ದ ಕಂಪನಿಯ ಮಾಲೀಕ ಬಾಗಿಲು ಹಾಕಿಕೊಂಡು ಹೋಗಿ ನಾಲ್ಕು ತಿಂಗಳಾಗಿತ್ತು. ಅಲ್ಲಿರಲು ಬೇಕಾದ ಇಕಾಮಾ ಎಂಬ ಪರವಾನಗಿಯ ಅವಧಿಯೂ ಮುಗಿದಿತ್ತು. ಹೊರಗೆ ಬಂದರೆ ಪೊಲೀಸರು ಹಿಡಿಯುತ್ತಾರೆಂದು ಕೋಣೆಯಲ್ಲೇ ಕೂತು, ಬಾಜೂ ಕೋಣೆಯವರು ಕೊಟ್ಟದ್ದನ್ನು ಉಣ್ಣುತ್ತಿದ್ದ. ದಂಡ ಕಟ್ಟಿ, ಟಿಕೆಟ್ ತೆಗೆಸಿದರೆ ಮನೆಗೆ ಬಿಡುತ್ತಾರಂತೆ. ಈದಿನ ರಜೆ ಶುರುವಾಗುವ ಮೊದಲು ಕಟ್ಟಬೇಕು, ಆಮೇಲೆ ಜೈಲೇ ಗತಿ ಎಂದ.

"ನಾಕು ತಿಂಗಳ ಪಗಾರ ಇಲ್ಲಂದ್ರ, ಹ್ವಾದ ತಿಂಗಳ ಮನಿಗಿ ಹೆಂಗ ಕಳಿಸಿದ್ಯೋ?"

"ಸಾಲ ಮಾಡಿ ಕಳಿಸೀನಿ ಅಮ್ಮಿ. ತಂಗಿ ಸಲ್ಮಾನ ಮದವಿ ಮಾತುಕತಿ ನಡದದ ಅಂದಿದ್ದಿ ಅಲ್ಲ, ಅದಕ್ಕ."

ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಹಜರಾಬೀ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾಲ್ಕು ತಿಂಗಳಿಂದ ಓಣಿಯಲ್ಲಿ ಮಗನ ಹೆಸರು ಹೇಳಿಕೊಂಡು ಮೆರೆದದ್ದು ನೆನಪಾಗಿ ಅವಳಿಗೆ ಮೈಯೆಲ್ಲ ಉರಿಯಿತು.

ರಾತ್ರಿ ಊಟಕ್ಕೆ ಕೂತಾಗ ಮಾತು ಹೊರಬಿತ್ತು. ಅಮೀನುದ್ದೀನ ಅನ್ನದ ತಟ್ಟೆಯನ್ನು ಹಿಂದಕ್ಕೆ ಸರಿಸಿದ. ಮೂವತ್ತು ವರ್ಷ ಅರಳೆ ಹಿಂಜಿ, ಗಾದಿ ಹೊಲಿದು ಕೆಮ್ಮು ಗಳಿಸಿದವನು ಅವನು. ಮಗ ಸೌದಿಗೆ ಹೋದ ಮೇಲೆ ಮಸೀದಿಯಲ್ಲಿ ಚಂದಾ ಎತ್ತುವಾಗ ಮೊದಲು ಇವನ ಕಡೆಗೇ ನೋಡುತ್ತಿದ್ದರು. ಆ ನೋಟದ ರುಚಿ ಅವನಿಗೆ ಹತ್ತಿಬಿಟ್ಟಿತ್ತು.

"ನಮ್ಮ ಮನಿಯಿಂದ ಸೌದಿಗಿ ರೊಕ್ಕ ಹೋಗ್ತದ ಅಂದ್ರ ಮಂದಿ ಏನಂದಾರು?" ಎಂದ.

"ಮಂದಿ ಕೈಯಾಗ ನಿಮ್ಮ ಮಗ ಉಣ್ಣಾಕತ್ತಾನ, ಅದಕ್ಕೇನಂತಾರ?" ಎಂದಳು ಹಜರಾಬೀ.

ಹಿರಿಯ ಮಗ ಮುಜಫರ ಅಪ್ಪನ ಜೊತೆ ಅಂಗಡಿ ನಡೆಸುತ್ತಿದ್ದ. ಅವನ ಲೆಕ್ಕ ಬೇರೆ ಇತ್ತು. "ಕರಸೂಣು ಅಮ್ಮಿ, ನಾ ಬ್ಯಾಡ ಅನ್ನಲ್ಲ. ಬಂದು ಏನ್ ಮಾಡ್ತಾನ ಹೇಳು. ಮಂದಿ ಈಗ ಫೋಮಿನ ಗಾದಿ ತಗೊಳಾಕತ್ತಾರ. ಅಂಗಡ್ಯಾಗ ನಮಗಿಬ್ಬರಿಗೇ ಕೆಲಸಿಲ್ಲ."

"ಮೊದಲ ಬರಲಿ. ಬಂದ ಮ್ಯಾಲ ಮನಿ ಮುಂದ ಕುಂಡರಿಸಿ ನೋಡಕೋತ ಕೂಡತೀನಿ. ನಿನಗೇನ್ ತ್ರಾಸು?"

ಮುಜಫರನ ಹೆಂಡತಿ ಅಲ್ಮಾಸ ಸಾರು ಬಡಿಸುತ್ತ ಮೆಲ್ಲಗೆ ಕೇಳಿದಳು: "ಅತ್ತಿ, ರೊಕ್ಕ ಎಲ್ಲಿಂದ ತರಾದು?"

ರೊಕ್ಕ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಜಾಹೀದ ಮೂರು ವರ್ಷದಿಂದ ಕಳಿಸಿದ್ದರಲ್ಲಿ ಹಜರಾಬೀ ಉಳಿಸಿ ಕೂಡಿಸಿದ್ದು ಮಗಳು ಸಲ್ಮಾಳ ಮದುವೆಗೆ. ಹುಣಸಗಿಯಿಂದ ಸಂಬಂಧ ಬಂದಿತ್ತು. ಹುಡುಗನದು ಬೀಜ-ಗೊಬ್ಬರದ ಅಂಗಡಿ. ಅವನ ಅಣ್ಣ ಖೋಬರಿನಲ್ಲಿದ್ದ, ದಮ್ಮಾಮಿನ ಮಗ್ಗುಲಿಗೆ. ಹುಡುಗನ ತಾಯಿ ಸುಗರಾಬಿ ಬಂದಾಗಲೆಲ್ಲ ಇಬ್ಬರು ತಾಯಂದಿರೂ ಸೌದಿಯ ಮಾತನ್ನೇ ಆಡುತ್ತಿದ್ದರು. ಈದ್ ಮುಗಿದ ಮೇಲೆ ಬಂದು ದಿನ ಗೊತ್ತು ಮಾಡುತ್ತೇನೆಂದು ಹೇಳಿ ಹೋಗಿದ್ದಳು.

"ನನ್ನ ಮದವಿ ರೊಕ್ಕ ಕಳಸ್ರಿ," ಎಂದಳು ಸಲ್ಮಾ.

"ನಿನ್ನ ಯಾರ ಕೇಳ್ಯಾರ?" ಅಮೀನುದ್ದೀನ ಗದರಿದ.

"ಯಾರೂ ಕೇಳಿಲ್ಲ ಅಂತಾನ ಹೇಳಾಕತ್ತೀನಿ ಅಬ್ಬಾ. ಭಾಯಿ ಜೈಲಿನಾಗ, ನಾ ಮೆಹಂದಿ ಹಚಕೊಂಡು ಕೂಡ್ಲೇನು?"

ಅಂದು ರಾತ್ರಿ ಎರಡು ತೀರ್ಮಾನಗಳಾದವು. ರೊಕ್ಕ ಕಳಿಸುವುದು. ಯಾರಿಗೂ ಹೇಳದಿರುವುದು, ಅದರಲ್ಲೂ ಹುಣಸಗಿಯವರಿಗೆ. ಎರಡನೆಯದು ಅಮೀನುದ್ದೀನನದು. ಹಜರಾಬೀ ಒಪ್ಪಿದಳು, ಏಕೆಂದರೆ ಮಗಳಿಗೆ ಇದಕ್ಕೂ ಮುಂಚೆ ಬಂದಿದ್ದ ಎರಡು ಸಂಬಂಧ ತಪ್ಪಿದ್ದವು.

ಮುಜಫರ ಮೊದಲು ಶಹಾಪುರದ ಅಂಗಡಿಗೆ ಹೋದ. ಅಂಗಡಿಯವನು ನಕ್ಕ. "ಇಲ್ಲಿ ಬರಾದಷ್ಟ ರೀ, ಹೋಗಾದಿಲ್ಲ," ಎಂದು ಕಳಿಸಿದ. ಸುರಪುರದ ಬ್ಯಾಂಕಿನವರು ಯಾದಗಿರಿಗೆ ಹೋಗಿ ಅಂದರು. ಯಾದಗಿರಿಗೆ ಹಜರಾಬೀಯೇ ಸಲ್ಮಾಳನ್ನು ಕರೆದುಕೊಂಡು ಹೋದಳು. ಅಲ್ಲಿನ ಬ್ಯಾಂಕಿನ ಹೆಣ್ಣುಮಗಳು ಕೂರಿಸಿಕೊಂಡು ಸಮಾಧಾನದಿಂದಲೇ ಹೇಳಿದಳು. ಕಳಿಸಬಹುದು, ಆದರೆ ಮಗನ ಅಲ್ಲಿನ ಖಾತೆ ಚಾಲ್ತಿಯಲ್ಲಿರಬೇಕು.

"ಖಾತಿ ಅದರಿ ಮೇಡಮ್," ಎಂದಳು ಸಲ್ಮಾ. "ಆದ್ರ ಇಕಾಮಾ ಮುಗಿದದ ಅಂತ ಬಂದ್ ಮಾಡ್ಯಾರ."

"ಹಂಗಾದ್ರ ರೊಕ್ಕ ಹೋಗಿ ಎಲ್ಲಿ ಕೂಡಬೇಕಮ್ಮ?"

"ಮೊಬೈಲಿನಾಗ ಕಳಿಸಾಕ ಬರ್ತದಂತಲ್ರಿ?"

"ಮೊಬೈಲಿನಾಗ ಕಳಿಸಿದ್ರೂ ಖಾತಿಗೇ ಹೋಗಬೇಕು. ಬ್ಯಾರೆ ಯಾರರೆ ಇದ್ರ ಅವರ ಖಾತಿಗಿ ನೋಡಬೌದು. ಆದ್ರ ಅವರಿಗೂ ನಿಮಗೂ ಏನ್ ಸಂಬಂಧ ಅಂತ ಹೇಳಬೇಕಾಗ್ತದ."

ಹಿಂದಿರುಗುವ ಬಸ್ಸಿನಲ್ಲಿ ಹಜರಾಬೀ ಅದನ್ನೇ ತಿರುತಿರುಗಿ ಲೆಕ್ಕ ಹಾಕಿದಳು. ಮಗನಿಗೆ ರೊಕ್ಕ ಯಾಕೆ ಬೇಕೋ, ಅದೇ ಕಾರಣಕ್ಕೆ ರೊಕ್ಕ ಹೋಗುವುದಿಲ್ಲ. ಇಂಥ ಕಟ್ಟಳೆ ಮಾಡಿದವರ ತಾಯಿಯೊಬ್ಬಳು ಎದುರಿಗೆ ಸಿಕ್ಕಿದ್ದರೆ ಅವಳು ಜಗಳಕ್ಕೇ ನಿಲ್ಲುತ್ತಿದ್ದಳೇನೋ.

ಚಂದ್ರ ಕಂಡು ರೋಜಾದ ಉಪವಾಸ ಶುರುವಾಯಿತು. ನಸುಕಿನ ಸಹರಿ ಊಟಕ್ಕೆ ಎದ್ದವಳಿಗೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ದಬ್ಬಣ ಹಿಡಿದು ಗಾದಿ ಹೊಲಿಯಲು ಕೂತರೆ ಬೆರಳಿಗೆ ಚುಚ್ಚಿಕೊಳ್ಳುತ್ತಿದ್ದಳು. ಅಲ್ಮಾಸ ಕೈಯಿಂದ ದಬ್ಬಣ ಕಸಿದುಕೊಂಡು, "ನೀವು ಬಿಡ್ರಿ ಅತ್ತಿ, ಗಿರಾಕಿ ಗಾದಿಗೆಲ್ಲ ರಗತ ಹತ್ತೀತು," ಎನ್ನುತ್ತಿದ್ದಳು. ಮಾತು ಒರಟಾದರೂ ಅತ್ತೆಯ ಪಾಲಿನ ಹೊಲಿಗೆಯನ್ನೂ ಅವಳೇ ಮುಗಿಸುತ್ತಿದ್ದಳು.

ಅಷ್ಟರಲ್ಲಿ ಅಮೀನುದ್ದೀನನಿಗೆ ಒಂದು ಉಪಾಯ ಹೊಳೆಯಿತು. ಊರಿನ ಅಲ್ಲಾಬಕ್ಷ ಉಮ್ರಾ ಯಾತ್ರೆಗೆ ಜನರನ್ನು ಕರೆದುಕೊಂಡು ಹೊರಟಿದ್ದ. ಅವನ ಕೈಯಲ್ಲಿ ಕೊಟ್ಟರಾಯಿತು! ಸಂಜೆ ರೋಜಾ ಬಿಡುವ ಇಫ್ತಾರಿಗೆ ಅವನನ್ನು ಮನೆಗೆ ಕರೆದು, ಚೆನ್ನಾಗಿ ಉಣ್ಣಿಸಿ, ದೂರದ ಸಂಬಂಧಿಕನೊಬ್ಬನಿಗೆ ಏನೋ ಮುಟ್ಟಿಸಬೇಕಾಗಿದೆ ಎಂದು ಹೇಳಿದ.

"ಎಲ್ಲಿದ್ದಾನ?"

"ದಮ್ಮಾಮಿನಾಗ."

ಅಲ್ಲಾಬಕ್ಷ ಬಾಯಿ ಒರೆಸಿಕೊಂಡ. "ನಾವು ಹೋಗಾದು ಮಕ್ಕಾಕ್ಕ, ಅಮೀನಭಾಯಿ."

"ಎರಡೂ ಸೌದಿನಾಗ ಅವ ಅಲ್ಲ?"

"ಯಾದಗಿರಿ, ದಿಲ್ಲಿ ಎರಡೂ ಹಿಂದೂಸ್ತಾನದಾಗ ಅವ. ಮುಂಜಾನಿ ಹೋಗಿ ಸಂಜಿಗಿ ಬರ್ತೀರೇನು?"

ಅವನು ಹೋದ ಮೇಲೆ ಅಲ್ಮಾಸ ಅಡಿಗೆಮನೆಯಲ್ಲಿ ಬಾಯಿಗೆ ಬಟ್ಟೆ ಇಟ್ಟುಕೊಂಡು ನಕ್ಕಳು. ಹಜರಾಬೀಗೂ ನಗು ಬಂತು. ಗಂಡ ಜಗಲಿಯ ಮೇಲೆ ಒಬ್ಬನೇ ತಲೆ ಬಗ್ಗಿಸಿ ಕೂತದ್ದನ್ನು ಕಂಡು ನಗು ನಿಂತಿತು.

ಎರಡನೆಯ ವಾರ ಜಾಹೀದನೇ ದಾರಿ ಹೇಳಿದ. ಅವನ ಬಾಜೂ ಕೋಣೆಯಲ್ಲಿ ಬೋನಾಳದ ಭೀಮು ಎಂಬವನಿದ್ದ. ಹಾಲಿನ ಡೇರಿಯಲ್ಲಿ ಕೆಲಸ. ಮನೆಗೆ ಸ್ಲ್ಯಾಬ್ ಹಾಕಿಸಲೆಂದು ಊರಿಗೆ ಕಳಿಸಲು ರೊಕ್ಕ ಕೂಡಿಟ್ಟಿದ್ದ. ಇಷ್ಟು ದಿನ ಜಾಹೀದನಿಗೆ ಉಣ್ಣಲು ಇಟ್ಟವನೂ ಅವನೇ. ಆ ರೊಕ್ಕವನ್ನು ಅವನು ಅಲ್ಲಿ ಜಾಹೀದನಿಗೆ ಕೊಡುತ್ತಾನೆ. ಇಲ್ಲಿ ಹಜರಾಬೀ ಅಷ್ಟನ್ನೇ ಭೀಮುವಿನ ತಾಯಿ ಮುದುಕಮ್ಮನಿಗೆ ಮುಟ್ಟಿಸಬೇಕು. ಮುಟ್ಟಿತು ಎಂದು ತಾಯಿಯ ಬಾಯಿಂದಲೇ ಕೇಳಬೇಕು, ಕೇಳಿದ ಗಳಿಗೆಯಲ್ಲಿ ಕೊಡುತ್ತೇನೆ ಎಂದಿದ್ದ. ಗುಟ್ಟು ಒಡೆಯಬಾರದೆಂದು ಜಾಹೀದ ಕೇಳಿಕೊಂಡಿದ್ದರಿಂದ ಊರಿಗೆ ಮೊದಲೇ ಏನೂ ತಿಳಿಸಿರಲಿಲ್ಲ.

"ಇದು ಹುಂಡಿ ಆಗಲ್ಲೇನು? ಸರಕಾರದವರು ಹಿಡದ್ರ?" ಎಂದ ಅಮೀನುದ್ದೀನ.

"ಹುಂಡ್ಯಾವ ಕಮಿಷನ್ ಹೊಡೀತಾನ. ಇದು ಬರೇ ಕೈಬದಲಿ," ಎಂದ ಮುಜಫರ, ಆದರೆ ಅವನ ದನಿಯಲ್ಲೂ ಧೈರ್ಯವಿರಲಿಲ್ಲ.

"ಹಿಡದ್ರ ನನ್ನ ಹಿಡೀಲಿ," ಎಂದಳು ಹಜರಾಬೀ. "ನಾ ಹೋಗ್ತೀನಿ."

"ಹೋಗು. ರೊಕ್ಕ ಯಾಕಂತ ಮಾತ್ರ ಹೇಳಬ್ಯಾಡ. ಕೈಯಾಗ ಕೊಡು, ಬಾ," ಎಂದು ಗಂಡ ಎಚ್ಚರಿಸಿದ. "ಬೋನಾಳದಾಗ ಆಡಿದ್ದು ಹುಣಸಗಿ ಮುಟ್ಟಾಕ ಸಂತಿ ದಿನ ಒಂದ ಸಾಕು."

ಬುರ್ಖಾದ ಒಳಗೆ ಎದೆಗೆ ಒತ್ತಿಕೊಂಡ ಕೈಚೀಲದಲ್ಲಿ ರೊಕ್ಕದ ಕವರು, ಬರಿಗೈಯಲ್ಲಿ ಹೋಗಬಾರದೆಂದು ಒಂದು ಡಬ್ಬಿ ಖರ್ಜೂರ. ಬಸ್ಸಿನಲ್ಲಿ ಪಕ್ಕ ಕೂತವರೆಲ್ಲ ಕಳ್ಳರಂತೆಯೇ ಕಂಡರು. ಬೋನಾಳದಲ್ಲಿ ಇಳಿದು, ಕೆರೆ ಕಡೆಯ ಓಣಿಯಲ್ಲಿ ಕೇಳುತ್ತ ಹೋದಳು. ಮುದುಕಮ್ಮ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಒಳಗಿನಿಂದ ಸೊಸೆ ಸವಿತಾ ಇಣುಕಿದಳು.

ಹಜರಾಬೀ ಸುತ್ತಮುತ್ತ ನೋಡಿ ಖರ್ಜೂರದ ಡಬ್ಬಿ ಇಟ್ಟು, ಕವರನ್ನು ಮುದುಕಮ್ಮನ ಕೈಗೆ ಕೊಟ್ಟಳು. "ಇದು ನಿಮಗ ಅಕ್ಕಾ. ಇಟಗೋರಿ," ಎಂದಳು.

ಮುದುಕಮ್ಮ ಕವರು ತೆರೆದು ನೋಡಿದಳು. ಮುಖ ಕೆಂಪಗಾಯಿತು. ಹೋದ ವಾರವಷ್ಟೇ ಪಟ್ಟಣದ ಯಾರೋ ಪುಣ್ಯವಂತರು ರಂಜಾನ್ ಹೆಸರಿನಲ್ಲಿ ಊರಿನ ಬಡವರಿಗೆ ಅಕ್ಕಿ, ಎಣ್ಣೆ ಹಂಚಿ ಹೋಗಿದ್ದರು.

"ಯವ್ವಾ, ನಾವು ದಾನ ಹಿಡಿಯೋ ಮಂದಿ ಅಲ್ಲ. ನನ್ನ ಮಗ ಸೌದಿನಾಗ ದುಡೀತಾನ. ಇಲ್ಲದಾವರ ಮನಿ ಆ ಕಡಿ ಅದಾವು, ನೋಡು ಹೋಗು."

"ದಾನ ಅಲ್ಲಕ್ಕಾ. ಇದು ನಿಮ್ಮ ಭೀಮುನ ರೊಕ್ಕ."

ಮುದುಕಮ್ಮನ ಕೈಯಿಂದ ಮೊರ ಜಾರಿತು. ತೊಗರಿ ಅಂಗಳದ ತುಂಬ ಚೆಲ್ಲಿತು. "ಭೀಮುನ ರೊಕ್ಕ ನಿನ್ನ ಕೈಯಾಗ ಯಾಕ ಬಂತು?" ಎಂದಳು. ಕವರನ್ನೊಮ್ಮೆ, ಹಜರಾಬೀಯ ಕರಿ ಬುರ್ಖಾವನ್ನೊಮ್ಮೆ ನೋಡಿದಳು. "ಇಷ್ಟು ರೊಕ್ಕ ಒಮ್ಮಿಗೇ ಯಾಕ ಬಂತು? ಅವಗೇನಾಗೈತಿ?"

ಹಜರಾಬೀಗೆ ಆಗ ಹೊಳೆಯಿತು. ಎರಡು ವರ್ಷದ ಹಿಂದೆ ಆ ಕಡೆಯ ಹಳ್ಳಿಯ ಹುಡುಗನೊಬ್ಬ ಅಲ್ಲಿ ಕಟ್ಟಡದಿಂದ ಬಿದ್ದು ಸತ್ತಾಗ, ಅವನ ಮನೆಗೆ ಗುರುತಿಲ್ಲದವರು ಬಂದು ಹೀಗೆಯೇ ಕವರು ಕೊಟ್ಟು ಹೋಗಿದ್ದರು. ಸುರಪುರದವರೂ ಆ ಮಾತನ್ನು ಬಹಳ ದಿನ ಆಡಿದ್ದರು.

"ಏನೂ ಆಗಿಲ್ಲಕ್ಕಾ, ಚಂದಾಗಿದ್ದಾನ!"

"ಸುಳ್ಳು ಹೇಳಬ್ಯಾಡ ನನಗ! ಸವಿತಾ, ಫೋನ್ ಹಚ್ಚ!"

ಸವಿತಾ ಫೋನು ಹಚ್ಚಿದಳು. ಅದು ರಿಂಗಾಯಿತು. ರಿಂಗಾಗುತ್ತಲೇ ಇತ್ತು. ಡೇರಿಯಲ್ಲಿ ಕೆಲಸದ ಹೊತ್ತಾಗಿತ್ತು, ಯಾರೂ ಎತ್ತಲಿಲ್ಲ. ಮುದುಕಮ್ಮ ಕೂತಲ್ಲೇ ಎದೆ ಬಡಿದುಕೊಂಡು ಬಾಯಿ ಮಾಡಿದಳು. ಅಕ್ಕಪಕ್ಕದ ಬಾಗಿಲುಗಳಲ್ಲಿ ಹೆಂಗಸರು ಕಾಣಿಸಿಕೊಂಡರು. ಕೊಟ್ಟು ಬಾ ಎಂದ ಗಂಡ ಇಲ್ಲಿರಲಿಲ್ಲ. ಹಜರಾಬೀ ನೆಲದ ಮೇಲೆ ಅವಳ ಎದುರಿಗೇ ಕುಕ್ಕರಿಸಿ, ಆ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದಳು. ತಾಯಿಯೊಬ್ಬಳ ಆ ಕೂಗಿನ ಮುಂದೆ ಅವಳ ಗುಟ್ಟು ಯಾವ ಲೆಕ್ಕ!

"ಕೇಳಿಲ್ಲಿ ಅಕ್ಕಾ. ನಿನ್ನ ಮಗ ಕಲ್ಲಿನಂಗಿದ್ದಾನ. ತ್ರಾಸಿನಾಗ ಇರಾವ ನನ್ನ ಮಗ. ಕೆಲಸಿಲ್ಲ, ಕಾಗದಿಲ್ಲ, ನಾಕು ತಿಂಗಳಿಂದ ನಿನ್ನ ಮಗನ ಅನ್ನ ಉಂಡು ಜೀವ ಹಿಡದಾನ. ಇದು ಅವನ ಬಿಡಿಸೋ ರೊಕ್ಕ. ಅಲ್ಲಿಗಿ ಕಳಿಸಾಕ ದಾರಿಲ್ಲ ಅಂತ ನಿನ್ನ ಕೈಯಾಗ ಕೊಡಾಕ ಬಂದೀನಿ. ನೀ ಇಸಗೊಂಡ್ರ ಅಲ್ಲಿ ನಿನ್ನ ಮಗ ಕೊಡ್ತಾನ."

ಮುದುಕಮ್ಮ ಬಾಯಿ ತೆರೆದುಕೊಂಡು ನೋಡಿದಳು. "ಮೊದಲ ಹೇಳಬಾರದೇನ ಯವ್ವಾ?"

"ನಾಚಿಕಿ ಆತು."

ಎರಡನೆಯ ಸಲ ಹಚ್ಚಿದಾಗ ಭೀಮು ಎತ್ತಿದ. ಮುದುಕಮ್ಮ ರೊಕ್ಕದ ಮಾತನ್ನೇ ಎತ್ತಲಿಲ್ಲ. "ಇದ್ದೀಯೇನೋ ನನ್ನಪ್ಪಾ?" ಎಂದು ಕೇಳಿ, ಅವನ ದನಿ ಕೇಳುತ್ತಲೇ ಅಳಲು ಶುರು ಮಾಡಿದಳು. ಕೊನೆಗೆ ಸವಿತಾಳೇ ಫೋನು ಕಸಿದುಕೊಂಡು ರೊಕ್ಕ ಮುಟ್ಟಿತೆಂದು ಅತ್ತೆಯ ಬಾಯಿಂದ ಹೇಳಿಸಿದಳು.

ಆಮೇಲೆ ಮುದುಕಮ್ಮ ಹಾಲು ಕಾಸಲು ಎದ್ದಳು. ಹಜರಾಬೀ ರೋಜಾ ಇದ್ದೇನೆ ಎಂದಾಗ, "ಸಂಜಿಗರೆ ತಿನ್ನು," ಎಂದು ಶೇಂಗಾದ ಹೋಳಿಗೆ ಕಟ್ಟಿಕೊಟ್ಟಳು. ಇಬ್ಬರೂ ಕೂತು ಅಂಗಳದ ತೊಗರಿಯನ್ನು ಆರಿಸಿ ಮೊರಕ್ಕೆ ತುಂಬಿದರು.

"ಅಕ್ಕಾ, ಈ ಮಾತು ಯಾರ ಮುಂದೂ ಆಡಬ್ಯಾಡ. ನನ್ನ ಮಗಳ ಮದವಿ ಕೆಡತದ."

"ನನ್ನ ಬಾಯಿ ನಿನಗೊತ್ತಿಲ್ಲ ತಾಯಿ, ಬೀಗ ಹಾಕಿದಂಗ," ಎಂದಳು ಮುದುಕಮ್ಮ.

ಅದೇ ದಿನ ಸಂಜೆ ಜಾಹೀದನ ಫೋನು ಬಂತು. ಭೀಮು ಕೊಟ್ಟಿದ್ದ. ಮೂರನೆಯ ವಾರದಲ್ಲಿ ದಂಡ ಕಟ್ಟಿದ್ದೂ ಆಯಿತು, ಮನೆಗೆ ಹೋಗಲು ಬೇಕಾದ ಮೊಹರೂ ಬಿತ್ತು. ಈದಿಗೆ ಎರಡು ದಿನ ಮೊದಲು ಹೈದರಾಬಾದಿಗೆ ಬಂದಿಳಿಯುತ್ತೇನೆ ಎಂದ. ಮನೆಯಲ್ಲಿ ಯಾರೂ ಕುಣಿದಾಡಲಿಲ್ಲ. ಅಮೀನುದ್ದೀನ ಮಾತ್ರ ಮಗನ ಹಳೆಯ ಹಾಸಿಗೆಯನ್ನು ಬಿಚ್ಚಿ, ಅರಳೆಯನ್ನು ಮತ್ತೆ ಹಿಂಜಿ, ಹೊಸ ಬಟ್ಟೆ ಹಾಕಿ ಹೊಲಿಯಲು ಕೂತ. ಮುಜಫರ ಬಂದು ಇನ್ನೊಂದು ತುದಿ ಹಿಡಿದ.

ಹಜರಾಬೀಗೆ ಈಗ ಬೇರೆ ಅಂಜಿಕೆ. ಮುದುಕಮ್ಮನ ಬೀಗ ಎಷ್ಟು ಗಟ್ಟಿ ಎಂದು ಅವಳಿಗೆ ಅನುಮಾನವಿತ್ತು. ಅನುಮಾನ ಸುಳ್ಳಾಗಲಿಲ್ಲ. ಮಗ ದೊಡ್ಡ ಕೆಲಸ ಮಾಡಿದಾಗ ಸುಮ್ಮನಿರುವುದು ಯಾವ ತಾಯಿಯಿಂದ ಆದೀತು? ಹುಣಸಗಿ ಸಂತೆಯಲ್ಲಿ ಮೆಣಸಿನಕಾಯಿ ಕೊಳ್ಳುತ್ತ, ಸುರಪುರದ ಗಾದಿ ಸಾಹೇಬರ ಮಗನನ್ನು ತನ್ನ ಭೀಮು ಬಿಡಿಸಿದ್ದನ್ನು ಮುದುಕಮ್ಮ ನಾಲ್ಕು ಮಂದಿಗೆ ಹೇಳಿದಳು.

ಅದಾದ ಎರಡೇ ದಿನಕ್ಕೆ ಇಫ್ತಾರಿನ ಹೊತ್ತಿಗೆ ಸುಗರಾಬಿ ಒಬ್ಬಳೇ ಬಂದಳು. ಕೈಯಲ್ಲಿ ಹಣ್ಣಿಲ್ಲ, ಸಿಹಿಯಿಲ್ಲ. ಬಾಗಿಲಲ್ಲಿ ಅವಳನ್ನು ಕಂಡದ್ದೇ ಸಲ್ಮಾ ಒಳಗೆ ಸರಿದಳು. ಅಮೀನುದ್ದೀನ ಟೋಪಿ ಸರಿಮಾಡಿಕೊಂಡು ಮಸೀದಿಗೆ ಹೊರಡಲು ನೋಡಿದ. ಹಜರಾಬೀ ಕಣ್ಣಲ್ಲೇ ತಡೆದಳು. ಅಲ್ಮಾಸ ಚಾಪೆ ಹಾಸಿ, ತಟ್ಟೆಯಲ್ಲಿ ಖರ್ಜೂರ, ಕಲ್ಲಂಗಡಿ ತಂದಿಟ್ಟಳು.

"ಸಂತ್ಯಾಗ ಒಂದು ಮಾತು ಕೇಳೀನಿ," ಎಂದಳು ಸುಗರಾಬಿ. ತಟ್ಟೆಯ ಕಡೆ ನೋಡಲೇ ಇಲ್ಲ. "ಬೋನಾಳದಾಕಿ ಹೇಳಿದ್ದು ಖರೇನ್ರಿ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಒಂದು ತಿಂಗಳು ಸುಳ್ಳನ್ನು ಹೊತ್ತು ಹಜರಾಬೀಯ ಹೆಗಲು ಸೋತಿತ್ತು.

"ಖರೆ," ಎಂದಳು. "ನನ್ನ ಮಗ ಅಲ್ಲಿ ಮಂದಿ ಕೈಯಾಗ ಉಂಡಾನ. ಸಲ್ಮಾನ ಮದವಿಗಿಟ್ಟ ರೊಕ್ಕ ಕೊಟ್ಟು ಬಿಡಿಸೀವಿ. ಈಗ ನಮ್ಮ ಕಡಿ ಏನಿಲ್ಲ. ಅವ ಬಂದು ಅಪ್ಪನ ಜೋಡಿ ಗಾದಿ ಹೊಲೀತಾನ. ನಿಮಗ ಸೌದಿ ಮನಿತನ ಬೇಕಂದ್ರ ಇದು ಅದಲ್ಲ. ಮುರಕೊಳ್ಳಾಕ ಬಂದಿದ್ರ ಮುರಕೋರಿ. ಆದ್ರ ರೋಜಾ ಬಿಟ್ಟು ಮುರಕೋರಿ, ಹಸದ ಹೊಟ್ಟೀಲೆ ಬ್ಯಾಡ."

ಅಮೀನುದ್ದೀನ ಗೋಡೆ ನೋಡುತ್ತ ನಿಂತ. ಒಳಗೆ ಸಲ್ಮಾಳ ಬಳೆ ಸದ್ದಾಯಿತು. ಸುಗರಾಬಿ ಚಾಪೆಯ ಮೇಲೆ ಇನ್ನಷ್ಟು ಹತ್ತಿರ ಸರಿದಳು.

"ನನ್ನ ದೊಡ್ಡಾವ ಖೋಬರಿನಾಗ ಅದಾನ ಅಲ್ರಿ," ಎಂದಳು. "ಅವಗೂ ಇಕಾಮಾ ಇಲ್ಲ. ಆರು ತಿಂಗಳಾತು. ಶಹಾಪುರದಾಗ ಕೇಳಿದ್ವಿ, ಯಾದಗಿರಿನಾಗ ಕೇಳಿದ್ವಿ, ಎಲ್ಲಾ ಕಡಿ ಆಗಲ್ಲ ಅಂದ್ರು. ನೀವು ಅದೆಂಗ ಕಳಿಸಿದ್ರಿ? ಆ ಬೋನಾಳದಾಕಿ ಮನಿ ನನಗ ತೋರಸ್ತೀರೇನು?"

ಹಜರಾಬೀ ಅವಳನ್ನೇ ನೋಡಿದಳು. "ಮತ್ತ ಮೊನ್ನಿ ಬಂದಾಗ ಅವ ಕಳಿಸಿದ ರೊಕ್ಕದಾಗ ಮ್ಯಾಲ ಮಾಳಗಿ ಏರಸ್ತೀವಿ ಅಂದಿದ್ರಿ?"

"ನಿಮಗ ಅಂಜಿ ಅಂದಿದ್ದೆ. ನಿಮ್ಮ ಮಗ ಸೌದಿನಾಗ ಕಮಾಯಿ ಮಾಡ್ತಾನ. ನಮ್ಮದು ಗೊತ್ತಾದ್ರ ಹೆಣ್ಣು ಕೊಡ್ತೀರೋ ಇಲ್ಲೋ ಅಂತ."

ಹಜರಾಬೀಗೆ ಮೊದಲು ಸಿಟ್ಟು ಬಂತು. ಸಹರಿಯಿಂದ ಸಹರಿಯವರೆಗೆ ಈ ಹೆಂಗಸಿಗೆ ಹೆದರಿ ನಿದ್ದೆಗೆಟ್ಟಿದ್ದಳು. ಗಂಡನ ಜೊತೆ ಜಗಳವಾಡಿದ್ದಳು, ಇನ್ನೊಬ್ಬ ತಾಯಿಯ ಎದೆ ಒಡೆಯುವಂತೆ ಮಾಡಿದ್ದಳು. ಬೈಯಲೆಂದೇ ಬಾಯಿ ತೆರೆದಳು. ಎದುರಿಗೆ ಕೂತವಳ ಕಣ್ಣಿನ ಕೆಳಗಿನ ಕಪ್ಪು ಕಂಡಿತು. ಅದು ತನ್ನ ಕಣ್ಣಿನ ಕೆಳಗೂ ಇತ್ತು.

ಮಸೀದಿಯಿಂದ ಆಜಾನ್ ಕೇಳಿಸಿತು. ಹಜರಾಬೀ ಒಂದು ಖರ್ಜೂರ ತೆಗೆದು ಸುಗರಾಬಿಯ ಕೈಯಲ್ಲಿ ಇಟ್ಟಳು.

"ಮೊದಲ ರೋಜಾ ಬಿಡ್ರಿ. ಇವತ್ತು ಇಲ್ಲೇ ಇರ್ರಿ, ನಾಳಿ ಮುಂಜಾನಿ ಬಸ್ಸಿಗಿ ಕೂಡೇ ಹೋಗೂಣು. ಭೀಮುನ ಕಡಿ ರೊಕ್ಕ ತೀರಿದ್ರೂ ಅವನ ಕೋಣ್ಯಾಗ ಮತ್ತ ಮಂದಿ ಅದಾರ, ಅವರಿಗೂ ಅವ್ವಂದಿರು ಇರ್ತಾರ." ಒಂದು ಗುಟುಕು ನೀರು ಕುಡಿದು ಮತ್ತೆ ಹೇಳಿದಳು: "ಆದ್ರ ಯಾರ ಬಾಗಿಲಿಗಿ ಹೋದ್ರೂ ಕೈಚೀಲ ತೆಗೀಬ್ಯಾಡ್ರಿ. ಅವ್ವಾ, ನಿನ್ನ ಮಗ ಚಂದಾಗಿದ್ದಾನ ಅಂತ ಮೊದಲ ಹೇಳ್ರಿ. ರೊಕ್ಕದ ಮಾತು ಆಮ್ಯಾಲ."